ಆ ಛಾವಣಿ ಯಾರ ಹೊಣೆಯಾಗಿತ್ತು?

2024ರ ಜುಲೈ 13ರ ಸಂಜೆಯ ಒಂದು ಛಾಯಾಚಿತ್ರವನ್ನು ನಿಮ್ಮಲ್ಲಿ ಬಹುಮಂದಿ ನೋಡಿರುತ್ತೀರಿ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಬಟ್ಲರ್ ಎಂಬಲ್ಲಿ ಚುನಾವಣಾ ಸಭೆ ನಡೆಯುತ್ತಿದ್ದ ಬಯಲು. ಕಿವಿಯಿಂದ ಕೆನ್ನೆಗೆ ರಕ್ತ ಇಳಿದಿರುವ ಡೊನಾಲ್ಡ್ ಟ್ರಂಪ್ ಅಂಗರಕ್ಷಕರ ನಡುವಿನಿಂದ ಮುಷ್ಟಿ ಎತ್ತಿದ್ದಾರೆ. ಹಿಂದೆ ಬಾವುಟ ಕಾಣುತ್ತಿದೆ. ಆ ಚಿತ್ರದ ರಾಜಕೀಯ ಪರಿಣಾಮದ ಬಗ್ಗೆ ಸಾಕಷ್ಟು ಚರ್ಚೆ ಆಗಿದೆ. ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಆ ಚಿತ್ರದ ಚೌಕಟ್ಟಿನೊಳಗೆ ಬಾರದ ಎರಡು ಜಾಗಗಳ ಬಗ್ಗೆ. ಒಂದು, ವೇದಿಕೆಯಿಂದ ಸುಮಾರು 130 ಮೀಟರ್ ದೂರದಲ್ಲಿದ್ದ ಕಟ್ಟಡವೊಂದರ ಛಾವಣಿ. ಇನ್ನೊಂದು, ವೇದಿಕೆಯ ಬಳಿ ಸಾಮಾನ್ಯ ಜನ ಕುಳಿತಿದ್ದ ಮೆಟ್ಟಿಲು ಆಸನಗಳ ಸಾಲು.

ನಡೆದದ್ದನ್ನು ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ. 20 ವರ್ಷದ ಯುವಕನೊಬ್ಬ ಆ ಛಾವಣಿಯ ಮೇಲೆ ಮಲಗಿ, ಎಆರ್ ಮಾದರಿಯ ರೈಫಲ್‌ನಿಂದ ಎಂಟು ಗುಂಡು ಹಾರಿಸಿದ. ಟ್ರಂಪ್ ಅವರ ಬಲಗಿವಿಗೆ ಪೆಟ್ಟಾಯಿತು. ಹೆಂಡತಿ ಮಕ್ಕಳೊಂದಿಗೆ ಸಭೆಗೆ ಬಂದಿದ್ದ 50 ವರ್ಷದ ವ್ಯಕ್ತಿಯೊಬ್ಬರು, ಒಂದು ಕಾಲದಲ್ಲಿ ತಮ್ಮೂರಿನ ಅಗ್ನಿಶಾಮಕ ದಳದ ಮುಖ್ಯಸ್ಥರಾಗಿದ್ದವರು, ಮನೆಯವರನ್ನು ತಮ್ಮ ಮೈಯಿಂದ ಮರೆಮಾಡಲು ಹೋಗಿ ಪ್ರಾಣ ಬಿಟ್ಟರು. ಇನ್ನಿಬ್ಬರು ಸಭಿಕರು ತೀವ್ರವಾಗಿ ಗಾಯಗೊಂಡರು. ಸ್ಥಳೀಯ ಪೊಲೀಸ್ ಅಧಿಕಾರಿಯೊಬ್ಬರು ಯುವಕನತ್ತ ಒಂದು ಗುಂಡು ಹಾರಿಸಿದರು. ಬಳಿಕ, ಅಧ್ಯಕ್ಷರು ಮತ್ತು ಪ್ರಮುಖ ನಾಯಕರ ರಕ್ಷಣೆಯ ಹೊಣೆ ಹೊತ್ತ ಸರ್ಕಾರಿ ಸಂಸ್ಥೆಯಾದ ಸೀಕ್ರೆಟ್ ಸರ್ವಿಸ್‌ನ ಸ್ನೈಪರ್ ಹಾರಿಸಿದ ಒಂದೇ ಗುಂಡಿಗೆ ಯುವಕ ಸತ್ತ. ಮೊದಲ ಗುಂಡಿನಿಂದ ಕೊನೆಯ ಗುಂಡಿನವರೆಗೆ ಕಳೆದದ್ದು ಸುಮಾರು 15 ಸೆಕೆಂಡು.

ಈ 15 ಸೆಕೆಂಡುಗಳಲ್ಲಿ ಅಂಗರಕ್ಷಕರು ತೋರಿದ ಧೈರ್ಯದ ಬಗ್ಗೆ ನನಗೆ ಗೌರವವಿದೆ. ಗುಂಡು ಹಾರುತ್ತಿರುವಾಗ ಇನ್ನೊಬ್ಬರ ಮೇಲೆ ತಮ್ಮ ದೇಹವನ್ನು ಹೊದಿಕೆಯಂತೆ ಹಾಸುವುದು ಸಣ್ಣ ಮಾತಲ್ಲ. ಪ್ರಶ್ನೆಗಳೆಲ್ಲ ಇರುವುದು ಅದಕ್ಕೂ ಹಿಂದಿನ ಸುಮಾರು ಒಂದು ಗಂಟೆಯಲ್ಲಿ ಮತ್ತು ಅದಕ್ಕೂ ಹಿಂದಿನ ಕೆಲವು ದಿನಗಳಲ್ಲಿ.

ಮೊದಲು ಛಾವಣಿಯನ್ನೇ ನೋಡೋಣ. ಅದು ಕಾಡಿನ ನಡುವಿನ ಮರೆಯ ಜಾಗವೇನೂ ಆಗಿರಲಿಲ್ಲ. ಸಭೆ ನಡೆದ ಕೃಷಿ ಮೇಳದ ಮೈದಾನಕ್ಕೆ ತಾಗಿಕೊಂಡೇ ಇದ್ದ ಖಾಸಗಿ ಕಂಪನಿಯೊಂದರ ಕಟ್ಟಡಗಳ ಸಮೂಹ ಅದು. ಅಲ್ಲಿಂದ ವೇದಿಕೆಗೆ ಅಡೆತಡೆಯಿಲ್ಲದ ನೇರ ನೋಟ. ರೈಫಲ್ ಹಿಡಿದವನಿಗೆ 130 ಮೀಟರ್ ಎಂದರೆ ದೂರವೇ ಅಲ್ಲ. ಸಾಧಾರಣ ಅಭ್ಯಾಸವಿರುವವರೂ ಗುರಿ ಹಿಡಿಯಬಲ್ಲ ಅಂತರ. ಅಷ್ಟಾದರೂ ಆ ಕಟ್ಟಡಗಳನ್ನು ತಪಾಸಣೆಯ ಭದ್ರತಾ ವಲಯದ ಹೊರಗೆ ಬಿಡಲಾಗಿತ್ತು. ಲೋಹಶೋಧಕದ ಬಾಗಿಲನ್ನು ಹಾಯದೆಯೇ ಯಾರು ಬೇಕಾದರೂ ಅಲ್ಲಿಗೆ ನಡೆದು ಹೋಗಬಹುದಿತ್ತು. ಆತ ಮೇಲೆ ಹತ್ತಿದ್ದು ಏಣಿಯಿಂದಲೂ ಅಲ್ಲ. ಗೋಡೆಯ ಪಕ್ಕದಲ್ಲಿದ್ದ ಹವಾನಿಯಂತ್ರಣ ಯಂತ್ರದ ಪೆಟ್ಟಿಗೆ ಮತ್ತು ಕೊಳವೆಗಳ ಮೇಲೆ ಕಾಲಿಟ್ಟು ಹತ್ತಿ, ಒಂದಕ್ಕೊಂದು ಅಂಟಿಕೊಂಡಿದ್ದ ಛಾವಣಿಗಳ ಮೇಲೆ ನಡೆದು, ವೇದಿಕೆ ಕಾಣುವ ಕಡೆಗೆ ಬಂದ.

ಆಗ ಸೀಕ್ರೆಟ್ ಸರ್ವಿಸ್‌ನ ನಿರ್ದೇಶಕಿಯಾಗಿದ್ದವರು ಕಿಂಬರ್ಲಿ ಚೀಟಲ್. ಛಾವಣಿಯ ಮೇಲೆ ಯಾಕೆ ಯಾರನ್ನೂ ನಿಲ್ಲಿಸಿರಲಿಲ್ಲ ಎಂದು ಕೇಳಿದಾಗ, ಅದು ಇಳಿಜಾರಾಗಿತ್ತು, ಸಿಬ್ಬಂದಿಯ ಸುರಕ್ಷತೆಯನ್ನು ಗಮನಿಸಿ ಕಟ್ಟಡವನ್ನು ಒಳಗಿನಿಂದ ಕಾಯಲು ತೀರ್ಮಾನಿಸಲಾಯಿತು ಎಂಬ ಅರ್ಥದ ಉತ್ತರವನ್ನು ಅವರು ದೂರದರ್ಶನ ಸಂದರ್ಶನದಲ್ಲಿ ಕೊಟ್ಟರು. ಈ ಉತ್ತರವನ್ನು ನಾನು ಹಲವು ಸಲ ಯೋಚಿಸಿ ನೋಡಿದ್ದೇನೆ. ಅದೇ ಸಂಜೆ ಅದೇ ಸಂಸ್ಥೆಯ ಸ್ನೈಪರ್‌ಗಳು ವೇದಿಕೆಯ ಹಿಂದಿನ ಕೊಟ್ಟಿಗೆಗಳ ಇಳಿಜಾರು ಛಾವಣಿಯ ಮೇಲೆಯೇ ಮಲಗಿ ಕಾವಲು ಕಾಯುತ್ತಿದ್ದರು. ಒಂದು ಇಳಿಜಾರು ಕಾವಲಿಗೆ ಯೋಗ್ಯ, ಇನ್ನೊಂದು ಅಯೋಗ್ಯ ಎಂದು ನಿರ್ಧರಿಸಿದವರು ಯಾರು? ಚೀಟಲ್ ಜುಲೈ 22ರಂದು ಸಂಸತ್ತಿನ ಸಮಿತಿಯ ಮುಂದೆ ಬಂದರು, ಹೆಚ್ಚಿನ ಪ್ರಶ್ನೆಗಳಿಗೆ ಉತ್ತರ ಕೊಡಲಿಲ್ಲ, ಎರಡೂ ಪಕ್ಷದವರು ರಾಜೀನಾಮೆ ಕೇಳಿದರು, ಮರುದಿನ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಹಂಗಾಮಿಯಾಗಿ ಬಂದ ರೊನಾಲ್ಡ್ ರೋ ಸ್ವತಃ ಬಟ್ಲರ್‌ಗೆ ಹೋಗಿ, ಆ ಛಾವಣಿಯ ಮೇಲೆ ಬೋರಲಾಗಿ ಮಲಗಿ ನೋಡಿ ಬಂದು, ತಾನು ಕಂಡದ್ದರಿಂದ ನಾಚಿಕೆಯಾಯಿತು ಎಂದು ಸೆನೆಟ್ ಮುಂದೆ ಒಪ್ಪಿಕೊಂಡರು. ಆ ಛಾವಣಿಗೆ ಸರಿಯಾದ ಕಾವಲು ಇಲ್ಲದಿದ್ದುದನ್ನು ಸಮರ್ಥಿಸಲು ತಮ್ಮಿಂದಾಗದು ಎಂದೂ ಹೇಳಿದರು. ಪ್ರಾಮಾಣಿಕವಾದ ಮಾತು. ಆದರೂ ಅದು ವಿಷಾದವೇ ಹೊರತು ವಿವರಣೆಯಾಗಲಿಲ್ಲ.

ಸೆನೆಟ್‌ನ ಆಂತರಿಕ ಭದ್ರತಾ ಸಮಿತಿ 2024ರ ಸೆಪ್ಟೆಂಬರಿನಲ್ಲಿ ಮಧ್ಯಂತರ ವರದಿ ಕೊಟ್ಟಿತು. ಅದರಲ್ಲಿನ ಒಂದು ಸಂಗತಿಯನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ. ನನ್ನ ಇಂದಿನ ಮಾತಿನ ತಿರುಳು ಅದೇ. ಸಭೆಗೆ ಮುಂಚಿತವಾಗಿ ಹೋಗಿ ಭದ್ರತೆಯನ್ನು ಯೋಜಿಸಿದ ಅಧಿಕಾರಿಗಳನ್ನು ಸಮಿತಿ ಒಬ್ಬೊಬ್ಬರನ್ನಾಗಿ ವಿಚಾರಿಸಿದಾಗ ದೊರೆತ ಉತ್ತರ, ತೀರ್ಮಾನಗಳನ್ನೆಲ್ಲ ಕೂಡಿಯೇ ಕೈಗೊಂಡೆವು, ಇಂಥವರೇ ಒಪ್ಪಿಗೆ ಕೊಡಬೇಕೆಂದು ನಿಗದಿಯಾಗಿರಲಿಲ್ಲ ಎಂದು. ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ ಎಂಬ ಮಾತು ನಮ್ಮಲ್ಲಿದೆಯಲ್ಲ, ಅದರ ನಿಜವಾದ ಅರ್ಥ ಇಂಥ ಕಡೆ ಗೊತ್ತಾಗುತ್ತದೆ. ಪ್ರತಿಯೊಬ್ಬನ ಕೈಯಲ್ಲೂ ಕೋಲಿದೆ, ಹಾವು ಎಲ್ಲರ ಕಣ್ಣಿಗೂ ಕಂಡಿದೆ, ಪಕ್ಕದವನು ಹೊಡೆಯುತ್ತಾನೆ ಎಂದು ಪ್ರತಿಯೊಬ್ಬನೂ ನಂಬಿ ನಿಂತಿದ್ದಾನೆ. ಸ್ಥಳೀಯ ಪೊಲೀಸರು ಆ ಕಟ್ಟಡವನ್ನು ನೋಡಿಕೊಳ್ಳುತ್ತಾರೆ ಎಂದು ಸೀಕ್ರೆಟ್ ಸರ್ವಿಸ್ ತಿಳಿದಿತ್ತು. ತಮಗೆ ಒಪ್ಪಿಸಿದ್ದು ಬೇರೆ ಕೆಲಸ, ಛಾವಣಿಯನ್ನು ಕಾಯಿರಿ ಎಂದು ಯಾರೂ ಹೇಳಿರಲಿಲ್ಲ ಎಂದು ಸ್ಥಳೀಯರು ಹೇಳಿದರು.

ಈಗ ಆ ಸಂಜೆಯ ಗಡಿಯಾರಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಏಕೆಂದರೆ ಇಂಥ ವಿಷಯದಲ್ಲಿ ನಿಮಿಷಗಳೇ ಸಾಕ್ಷಿ.

ಮಧ್ಯಾಹ್ನ 3 ಗಂಟೆ 51 ನಿಮಿಷದ ಹೊತ್ತಿಗೆ ಆ ಯುವಕ ಮೈದಾನದ ಸಮೀಪ ಸುಮಾರು 11 ನಿಮಿಷ ಡ್ರೋನ್ ಹಾರಿಸಿದ. ಡ್ರೋನ್ ಪತ್ತೆ ಮಾಡುವ ಉಪಕರಣ ಸೀಕ್ರೆಟ್ ಸರ್ವಿಸ್ ಬಳಿ ಇತ್ತು, ಆದರೆ ಅದು ಆಗ ಕೆಲಸ ಮಾಡುತ್ತಿರಲಿಲ್ಲ. ಅದನ್ನು ನಡೆಸಬೇಕಿದ್ದ ಅಧಿಕಾರಿಗೆ ತರಬೇತಿ ಅತ್ಯಲ್ಪ. ಆತ ಕಂಪನಿಯ ಸಹಾಯವಾಣಿಗೆ ಕರೆ ಮಾಡುತ್ತ ದುರಸ್ತಿಯಲ್ಲಿ ತೊಡಗಿದ್ದ. ಸರಿಹೋಗುವ ಹೊತ್ತಿಗೆ ಹಂತಕನ ಡ್ರೋನ್ ಕೆಳಗಿಳಿದಾಗಿತ್ತು. ಅದೊಂದು ಉಪಕರಣ ಮೊದಲೇ ಚಾಲೂ ಆಗಿದ್ದಿದ್ದರೆ, ವೇದಿಕೆಯ ಸುತ್ತ ಡ್ರೋನ್ ಹಾರಿಸುತ್ತಿರುವವನನ್ನು ಹೋಗಿ ಮಾತನಾಡಿಸುವ ಅವಕಾಶವಾದರೂ ಸಿಗುತ್ತಿತ್ತು.

5 ಗಂಟೆ ದಾಟಿ ಸುಮಾರು ಕಾಲು ಗಂಟೆಯಾದಾಗ ಸ್ಥಳೀಯ ಪೊಲೀಸ್ ಸ್ನೈಪರ್ ಒಬ್ಬರು ಆತನನ್ನು ಗುರುತಿಸಿ ಚಿತ್ರ ತೆಗೆದರು. ಈ ಸ್ನೈಪರ್ ಎಲ್ಲಿದ್ದರು ಗೊತ್ತೇ? ಅದೇ ಕಟ್ಟಡ ಸಮೂಹದ ಮಹಡಿಯ ಕಿಟಕಿಯಲ್ಲಿ. ಕೆಳಗೆ ಓಡಾಡುತ್ತಿದ್ದ ಯುವಕನ ಕೈಯಲ್ಲಿ ಸ್ವಲ್ಪ ಹೊತ್ತಿನಲ್ಲಿ ರೇಂಜ್‌ಫೈಂಡರ್ ಕಾಣಿಸಿತು. ಬೇಟೆಗಾರರು ಗುರಿಯ ದೂರ ಅಳೆಯಲು ಬಳಸುವ ಸಾಧನ ಅದು. ಭಾಷಣ ಕೇಳಲು ಬಂದವನಿಗೆ ಅದರಿಂದ ಏನು ಕೆಲಸ? ಅನುಮಾನ ಸರಿಯಾಗಿಯೇ ಹುಟ್ಟಿತು. 5:38ರ ಸುಮಾರಿಗೆ ಚಿತ್ರಗಳು ಸ್ಥಳೀಯ ಪೊಲೀಸರ ಮೊಬೈಲ್ ಗುಂಪಿಗೆ ಹೋದವು. ಅಲ್ಲಿಂದ ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ. ಗುಂಡು ಹಾರುವುದಕ್ಕೆ ಸುಮಾರು 27 ನಿಮಿಷ ಮುಂಚೆ, ರೇಂಜ್‌ಫೈಂಡರ್ ಹಿಡಿದ ಅನುಮಾನಾಸ್ಪದ ವ್ಯಕ್ತಿಯ ಸುದ್ದಿ ಸೀಕ್ರೆಟ್ ಸರ್ವಿಸ್‌ನ ಕೆಲವರಿಗೆ ತಲುಪಿತ್ತು.

ಟ್ರಂಪ್ ಆಗ ಇನ್ನೂ ವೇದಿಕೆ ಹತ್ತಿರಲಿಲ್ಲ! ಅವರು ಮಾತು ಶುರುಮಾಡಿದ್ದು 6 ಗಂಟೆ ದಾಟಿದ ಮೇಲೆ. ಅನುಮಾನದ ವ್ಯಕ್ತಿ ಕಣ್ತಪ್ಪಿಸಿಕೊಂಡಿದ್ದಾನೆ, ಸಿಗುವವರೆಗೆ ಹತ್ತು ನಿಮಿಷ ತಡೆಯಿರಿ ಎಂದು ಹೇಳಲು ಆಗ ಪೂರ್ತಿ ಅವಕಾಶವಿತ್ತು. ಚುನಾವಣಾ ಸಭೆಗಳಲ್ಲಿ ನಾಯಕರು ತಡವಾಗಿ ಬರುವುದು ಜಗತ್ತಿನ ಯಾವ ಮೂಲೆಯಲ್ಲೂ ಹೊಸತಲ್ಲ. ಇನ್ನೂ ಹತ್ತು ನಿಮಿಷ ತಡವಾಗಿದ್ದರೆ ಯಾರೂ ದೂರುತ್ತಿರಲಿಲ್ಲ. ವೇದಿಕೆಗೆ ಕರೆದೊಯ್ಯುವ ಅಂಗರಕ್ಷಕ ತಂಡಕ್ಕೆ ಆ ಸುದ್ದಿ ಯಾಕೆ ಮುಟ್ಟಲಿಲ್ಲ ಎಂಬುದು ನನ್ನ ಎಣಿಕೆಯಲ್ಲಿ ಛಾವಣಿಯ ಪ್ರಶ್ನೆಗಿಂತಲೂ ದೊಡ್ಡದು. ಛಾವಣಿಯದ್ದು ಯೋಜನೆಯ ತಪ್ಪು ಎನ್ನಬಹುದು. ಇದು ಕಣ್ಣೆದುರಿನ ಅಪಾಯವನ್ನು ಕಂಡೂ ಕೈಚೆಲ್ಲಿದ ತಪ್ಪು.

ಮುಟ್ಟದಿರುವುದಕ್ಕೆ ಒಂದು ಕಾರಣ ವರದಿಗಳಲ್ಲಿ ಸ್ಪಷ್ಟವಾಗಿದೆ. ಅಂದು ಮೈದಾನದಲ್ಲಿ ಎರಡು ನಿಯಂತ್ರಣ ಕೇಂದ್ರಗಳಿದ್ದವು, ಸೀಕ್ರೆಟ್ ಸರ್ವಿಸ್‌ನದು ಒಂದು, ಸ್ಥಳೀಯ ಪೊಲೀಸರದು ಬೇರೆ. ಒಬ್ಬರ ರೇಡಿಯೊ ಇನ್ನೊಬ್ಬರಿಗೆ ಕೇಳಿಸುತ್ತಿರಲಿಲ್ಲ. ಸೀಕ್ರೆಟ್ ಸರ್ವಿಸ್‌ನವರಿಗೆಂದು ಸ್ಥಳೀಯರು ತಮ್ಮ ರೇಡಿಯೊಗಳನ್ನು ತೆಗೆದಿಟ್ಟಿದ್ದರು; ಯಾರೂ ಬಂದು ತೆಗೆದುಕೊಂಡು ಹೋಗಲಿಲ್ಲ. ಹಾಗಾಗಿ ಸುದ್ದಿ ಮೊಬೈಲ್ ಕರೆ, ಸಂದೇಶ, ಬಾಯಿಮಾತಿನ ಮೂಲಕ ಕೈಯಿಂದ ಕೈಗೆ ದಾಟಬೇಕಾಯಿತು. ಸಾವಿರಾರು ಜನ ಸೇರಿದ ಬಯಲಿನಲ್ಲಿ ಮೊಬೈಲ್ ಸಂಪರ್ಕ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಗುಂಡು ಹಾರುವುದಕ್ಕೆ ಸುಮಾರು ಎರಡು ನಿಮಿಷ ಮುಂಚೆ, ಛಾವಣಿಯ ಮೇಲೆ ಯಾರೋ ಇದ್ದಾರೆ ಎಂಬ ಸುದ್ದಿಯೂ ಸೀಕ್ರೆಟ್ ಸರ್ವಿಸ್‌ಗೆ ಬಂತು. ನೆರೆದ ಜನರೂ ಅತ್ತ ಬೆರಳು ತೋರಿಸಿ ಕೂಗುತ್ತಿದ್ದರು; ಅವರ ಮೊಬೈಲ್ ದೃಶ್ಯಗಳಲ್ಲಿ ಆ ಕೂಗು ಈಗಲೂ ಕೇಳುತ್ತದೆ. ಆಗ ಸ್ಥಳೀಯ ಪೊಲೀಸನೊಬ್ಬ ಇನ್ನೊಬ್ಬನನ್ನು ಕೆಳಗಿನಿಂದ ಎತ್ತಿ ಹಿಡಿದ. ಮೇಲೆ ಹೋದವನು ಎರಡೂ ಕೈಯಿಂದ ಛಾವಣಿಯ ಅಂಚು ಹಿಡಿದು ತಲೆ ಎತ್ತಿದ. ರೈಫಲ್ ಹಿಡಿದ ಯುವಕ ಅವನತ್ತ ತಿರುಗಿದ. ಈ ದೃಶ್ಯವನ್ನು ಒಂದು ಕ್ಷಣ ಕಣ್ಣಿಗೆ ತಂದುಕೊಳ್ಳಿ. ಕೈ ಬಿಟ್ಟರೆ ಬೀಳುತ್ತಾನೆ, ಬಿಡದಿದ್ದರೆ ಸೊಂಟದ ಪಿಸ್ತೂಲು ತೆಗೆಯಲಾಗದು. ಅವನು ಕೈಬಿಟ್ಟ, ಕೆಳಗೆ ಬಿದ್ದ, ಬಿದ್ದವನೇ ಮೇಲಿರುವವನ ಬಳಿ ಬಂದೂಕಿದೆ ಎಂದು ರೇಡಿಯೊದಲ್ಲಿ ಕೂಗಿದ. ಆ ಕೂಗಿಗೂ ಮೊದಲ ಗುಂಡಿಗೂ ನಡುವೆ ಇದ್ದದ್ದು ಅರ್ಧ ನಿಮಿಷವೂ ಅಲ್ಲ. ಸ್ಥಳೀಯ ರೇಡಿಯೊದಲ್ಲಿ ಅವನು ಕೂಗಿದ್ದು ಟ್ರಂಪ್ ಪಕ್ಕದಲ್ಲಿದ್ದವರ ಕಿವಿಗೆ ಬೀಳಲಿಲ್ಲ. ಪೊಲೀಸರು ಬಂದೂಕು ಹಿರಿದು ಆ ಕಟ್ಟಡದತ್ತ ಓಡುತ್ತಿರುವುದನ್ನು ಸೀಕ್ರೆಟ್ ಸರ್ವಿಸ್ ಸ್ನೈಪರ್ ಒಬ್ಬರು ನೋಡಿದ್ದರು. ಟ್ರಂಪ್ ಅವರನ್ನು ವೇದಿಕೆಯಿಂದ ಇಳಿಸಿ ಎಂದು ಹೇಳಬೇಕೆಂಬುದು ಆಗ ತಮಗೆ ಹೊಳೆಯಲೇ ಇಲ್ಲ ಎಂದು ಅವರು ಸೆನೆಟ್ ಸಮಿತಿಗೆ ತಿಳಿಸಿದರು.

ಇಲ್ಲಿ ವಿಷಯದಿಂದ ತುಸು ಹಿಂದಕ್ಕೆ, ಡಲ್ಲಾಸ್ ನಗರದಲ್ಲಿ ಅಧ್ಯಕ್ಷ ಕೆನಡಿ ಅವರನ್ನು ಓಸ್ವಾಲ್ಡ್ ಎಂಬಾತ ಕಟ್ಟಡವೊಂದರಿಂದ ಗುಂಡಿಟ್ಟು ಕೊಂದ 1963ಕ್ಕೆ ಹೋಗಿ ಬರಲು ಅವಕಾಶ ಕೊಡಿ. ಬಟ್ಲರ್ ಸಭೆಗೆ ಒಂದು ವಾರ ಮೊದಲು, ಜುಲೈ 6ರಂದು, ಕೆನಡಿಯಿಂದ ಓಸ್ವಾಲ್ಡ್ ಎಷ್ಟು ದೂರದಲ್ಲಿದ್ದ ಎಂದು ಈ ಯುವಕ ಅಂತರ್ಜಾಲದಲ್ಲಿ ಹುಡುಕಿದ್ದನ್ನು ಎಫ್‌ಬಿಐ ನಿರ್ದೇಶಕ ಕ್ರಿಸ್ಟೋಫರ್ ರೇ ಸಂಸತ್ತಿಗೆ ತಿಳಿಸಿದರು. ಕೊಲ್ಲಲು ಹೊರಟವನು ಡಲ್ಲಾಸ್‌ನ ಇತಿಹಾಸ ಓದಿದ್ದ. ಕಾಯಲು ಹೊರಟವರು ಓದಿದ್ದರೇ? ಕೆನಡಿ ಹತ್ಯೆಯ ತನಿಖೆ ನಡೆಸಿದ ವಾರನ್ ಆಯೋಗ 1964ರಲ್ಲಿ ಕೊಟ್ಟ ವರದಿಯಲ್ಲಿ ಸೀಕ್ರೆಟ್ ಸರ್ವಿಸ್ ಬಗ್ಗೆ ಕಟುವಾದ ಮಾತುಗಳಿವೆ. ಮೆರವಣಿಗೆಯ ದಾರಿಯ ಕಟ್ಟಡಗಳನ್ನು ಮುಂಚಿತವಾಗಿ ಪರಿಶೀಲಿಸುವ ವ್ಯವಸ್ಥೆ ಇರಲಿಲ್ಲ ಎಂಬುದು ಒಂದು. ಓಸ್ವಾಲ್ಡ್ ಬಗ್ಗೆ ಎಫ್‌ಬಿಐಗೆ ಗೊತ್ತಿದ್ದದ್ದು ಸೀಕ್ರೆಟ್ ಸರ್ವಿಸ್‌ಗೆ ತಲುಪಿರಲಿಲ್ಲ ಎಂಬುದು ಇನ್ನೊಂದು. ಎತ್ತರದ ಜಾಗಕ್ಕೆ ಕಾವಲಿಲ್ಲ, ಒಬ್ಬರ ಮಾಹಿತಿ ಇನ್ನೊಬ್ಬರಿಗಿಲ್ಲ. 60 ವರ್ಷಗಳ ನಂತರ ಬಟ್ಲರ್‌ನಲ್ಲಿ ಹೆಸರುಗಳು ಬದಲಾಗಿದ್ದವು, ದೋಷಗಳು ಅವೇ.

ಜಪಾನಿನ ಉದಾಹರಣೆಯನ್ನೂ ಒಂದೆರಡು ಮಾತಿನಲ್ಲಿ ಹೇಳುತ್ತೇನೆ. 2022ರ ಜುಲೈ 8ರಂದು ನಾರಾ ನಗರದ ರೈಲು ನಿಲ್ದಾಣದ ಎದುರು ಚುನಾವಣಾ ಭಾಷಣ ಮಾಡುತ್ತಿದ್ದ ಮಾಜಿ ಪ್ರಧಾನಿ ಶಿಂಜೊ ಅಬೆ ಅವರನ್ನು, ಮನೆಯಲ್ಲೇ ತಯಾರಿಸಿದ ಬಂದೂಕಿನಿಂದ ಒಬ್ಬಾತ ಹಿಂದಿನಿಂದ ಬಂದು ಕೊಂದ. ಮೊದಲ ಗುಂಡಿಗೂ ಎರಡನೆಯದಕ್ಕೂ ನಡುವೆ ಎರಡು ಸೆಕೆಂಡಿಗಿಂತ ಹೆಚ್ಚು ಸಮಯವಿತ್ತು. ಬೆನ್ನ ಹಿಂದಿನ ಕಾವಲು ಸಡಿಲವಾಗಿತ್ತು. ಅದೇ ಜಾಗದಲ್ಲಿ ಕೆಲವು ದಿನಗಳ ಹಿಂದೆ ಬೇರೊಬ್ಬ ನಾಯಕರ ಸಭೆಗೆ ಮಾಡಿದ್ದ ಯೋಜನೆಯನ್ನೇ ಅಬೆ ಅವರಿಗೂ ಅನ್ವಯಿಸಲಾಗಿತ್ತು. ಇಷ್ಟನ್ನೂ ಜಪಾನಿನ ಪೊಲೀಸ್ ಇಲಾಖೆ ಏಳು ವಾರಗಳೊಳಗೆ ತನ್ನದೇ ವರದಿಯಲ್ಲಿ ಬರೆದು, ಈ ಹತ್ಯೆಯನ್ನು ತಡೆಯಬಹುದಿತ್ತು ಎಂದು ಒಪ್ಪಿಕೊಂಡಿತು. ರಾಷ್ಟ್ರೀಯ ಪೊಲೀಸ್ ಮುಖ್ಯಸ್ಥರು ಹುದ್ದೆ ತೊರೆದರು, ಪ್ರಾಂತಗಳ ಭದ್ರತಾ ಯೋಜನೆಗಳನ್ನು ಕೇಂದ್ರದಲ್ಲಿ ಪರಿಶೀಲಿಸುವ ನಿಯಮ ಬಂತು. ಹಾಗೆಂದು ಜಪಾನ್ ಎಲ್ಲವನ್ನೂ ಸರಿಪಡಿಸಿತು ಎನ್ನಲಾರೆ. ಮರುವರ್ಷ ಏಪ್ರಿಲ್‌ನಲ್ಲೇ ವಾಕಯಾಮಾದ ಮೀನುಗಾರಿಕಾ ಬಂದರಿನಲ್ಲಿ ಪ್ರಧಾನಿ ಕಿಶಿದಾ ಅವರ ಬಳಿ ಸ್ಫೋಟಕ ಎಸೆಯಲಾಯಿತು. ತಪ್ಪು ಎಲ್ಲಿ ಆಯಿತು ಎಂಬುದನ್ನು ಮಾತ್ರ ಅವರು ಬೇಗ, ನೇರವಾಗಿ ಹೇಳಿದರು.

ಅಮೆರಿಕದಲ್ಲಿ ತನಿಖೆಗಳಿಗೆ ಕೊರತೆಯಾಗಲಿಲ್ಲ. ಸೆನೆಟ್ ಸಮಿತಿ, ಕೆಳಮನೆಯ ಉಭಯಪಕ್ಷ ಕಾರ್ಯಪಡೆ, ಆಂತರಿಕ ಭದ್ರತಾ ಇಲಾಖೆ ನೇಮಿಸಿದ ನಾಲ್ವರ ಸ್ವತಂತ್ರ ಸಮಿತಿ, ಲೆಕ್ಕಪರಿಶೋಧನಾ ಕಚೇರಿ, ಎಲ್ಲರೂ ಬರೆದರು. ಈ ದುರಂತವನ್ನು ತಪ್ಪಿಸಬಹುದಿತ್ತು ಎಂದು ಕಾರ್ಯಪಡೆ 2024ರ ಡಿಸೆಂಬರಿನಲ್ಲಿ ತೀರ್ಮಾನಿಸಿತು. ಮೂಲಭೂತ ಸುಧಾರಣೆ ಆಗದಿದ್ದರೆ ಇನ್ನೊಂದು ಬಟ್ಲರ್ ನಡೆದೇ ನಡೆಯುತ್ತದೆ ಎಂದು ಸ್ವತಂತ್ರ ಸಮಿತಿ ಎಚ್ಚರಿಸಿತು. ಟ್ರಂಪ್ ತಂಡ ಕೇಳಿದ್ದ ಹೆಚ್ಚುವರಿ ಭದ್ರತೆಯನ್ನು ನಿರಾಕರಿಸಿಲ್ಲ ಎಂದು ಮೊದಲು ಹೇಳಿದ ಸೀಕ್ರೆಟ್ ಸರ್ವಿಸ್, ಆಮೇಲೆ ಹಿಂದಿನ ಕೆಲವು ಕೋರಿಕೆಗಳನ್ನು ನಿರಾಕರಿಸಿದ್ದು ಹೌದು ಎಂದಿತು. 2025ರ ಜುಲೈನಲ್ಲಿ ಬಂದ ಲೆಕ್ಕಪರಿಶೋಧನಾ ಕಚೇರಿಯ ವರದಿಯ ಪ್ರಕಾರ, ಟ್ರಂಪ್ ಜೀವಕ್ಕೆ ಅಪಾಯವಿದೆ ಎಂಬ ರಹಸ್ಯ ಮಾಹಿತಿ ಸಭೆಗೆ ಹತ್ತು ದಿನ ಮೊದಲೇ ಸಂಸ್ಥೆಯ ಹಿರಿಯರಿಗೆ ಬಂದಿತ್ತು. ಅದಕ್ಕೂ ಈ ಯುವಕನಿಗೂ ನಂಟಿರಲಿಲ್ಲ. ಆದರೂ ಬಟ್ಲರ್ ಸಭೆಯನ್ನು ಯೋಜಿಸುತ್ತಿದ್ದವರಿಗೆ ಅದು ತಿಳಿದಿದ್ದರೆ ಇನ್ನಷ್ಟು ಸಿಬ್ಬಂದಿ, ಉಪಕರಣ ಕೇಳುತ್ತಿದ್ದರು. ಅವರಿಗೆ ಯಾರೂ ಹೇಳಲಿಲ್ಲ.

ಶಿಕ್ಷೆ ಎಷ್ಟಾಯಿತು? ಆರು ಮಂದಿಗೆ 10ರಿಂದ 42 ದಿನಗಳವರೆಗೆ ಸಂಬಳವಿಲ್ಲದ ಅಮಾನತು. ಒಬ್ಬೊಬ್ಬರನ್ನು ವಜಾ ಮಾಡುತ್ತ ಹೋದರೆ ಸಮಸ್ಯೆ ಪರಿಹಾರವಾಗದು, ಮೂಲಕಾರಣ ಸರಿಪಡಿಸಬೇಕು ಎಂಬುದು ಸಂಸ್ಥೆಯ ನಿಲುವು. ಆ ಮಾತಿನಲ್ಲಿ ಅರ್ಧ ಸತ್ಯವಿದೆ ಎಂದು ನಾನು ಒಪ್ಪುತ್ತೇನೆ. ಕೆಳಹಂತದ ಯಾರನ್ನೋ ಬಲಿಕೊಟ್ಟು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಆದರೆ ಛಾವಣಿಯನ್ನು ಹೊರಗೆ ಬಿಡುವ ತೀರ್ಮಾನ ಯಾರದು ಎಂಬುದನ್ನೇ ಗುರುತಿಸದೆ ಮೂಲಕಾರಣವನ್ನು ಸರಿಪಡಿಸುವುದು ಹೇಗೆ?

ಇನ್ನು ಹಂತಕನ ಉದ್ದೇಶ. ಎಫ್‌ಬಿಐ ಅವನ ಫೋನು, ಕಂಪ್ಯೂಟರ್ ಜಾಲಾಡಿ ನೂರಾರು ಜನರನ್ನು ಮಾತನಾಡಿಸಿದರೂ ಸ್ಪಷ್ಟ ಉದ್ದೇಶ ಸಿಕ್ಕಿಲ್ಲ. ಈ ಖಾಲಿ ಜಾಗಕ್ಕೆ ವದಂತಿಗಳು ಬಂದು ತುಂಬಿಕೊಂಡಿವೆ. ಎಲ್ಲವೂ ನಾಟಕ ಎನ್ನುವವರಿದ್ದಾರೆ, ಸರ್ಕಾರವೇ ಮಾಡಿಸಿತು ಎನ್ನುವವರಿದ್ದಾರೆ. ಒಬ್ಬ ಸಭಿಕ ಸತ್ತಿರುವಾಗ ನಾಟಕ ಎನ್ನುವುದು ಕ್ರೂರವಾದ ಮಾತು. ನಿಮ್ಮಲ್ಲಿ ನನ್ನ ವಿನಂತಿಯೆಂದರೆ, ದಾಖಲೆಯಿಂದ ಉತ್ತರ ಸಿಗಬಹುದಾದ ಪ್ರಶ್ನೆಗಳನ್ನು ಇಂಥ ಊಹೆಗಳ ಜೊತೆ ಬೆರೆಸಬೇಡಿ. ಬೆರೆಸಿದಷ್ಟೂ ಉತ್ತರ ಕೊಡಬೇಕಾದವರಿಗೆ ಅನುಕೂಲ. ಎಲ್ಲ ಪ್ರಶ್ನೆಯನ್ನೂ ಹುಚ್ಚು ಕಲ್ಪನೆ ಎಂದು ತಳ್ಳಿಹಾಕಬಹುದು.

ಕೊನೆಯದಾಗಿ, ಮೊದಲೇ ಹೇಳಿದ ಆ ಎರಡನೆಯ ಜಾಗಕ್ಕೆ ಬರುತ್ತೇನೆ. ಭದ್ರತಾ ಯೋಜನೆಗಳೆಲ್ಲ ವೇದಿಕೆಯ ಮೇಲಿರುವ ಒಬ್ಬರನ್ನು ಕೇಂದ್ರದಲ್ಲಿಟ್ಟು ಬರೆದವು. ಗುಂಡು ಗುರಿ ತಪ್ಪಿದರೆ ಎಲ್ಲಿಗೆ ಹೋಗುತ್ತದೆ? ಆಸನಗಳಲ್ಲಿ ಕುಳಿತವರ ಕಡೆಗೆ. ಲೋಹಶೋಧಕದ ಬಾಗಿಲು ದಾಟಿ ಒಳಗೆ ಬಂದವರು, ಒಳಗಿರುವುದು ಸುರಕ್ಷಿತ ಜಾಗವೆಂದು ನಂಬಿ ಕುಳಿತಿರುತ್ತಾರೆ. ಅಂದು ಸತ್ತದ್ದೂ ತೀವ್ರವಾಗಿ ಗಾಯಗೊಂಡದ್ದೂ ಹಾಗೆ ನಂಬಿದವರೇ.

2024ರ ಅಕ್ಟೋಬರ್ 5ರಂದು ಟ್ರಂಪ್ ಅದೇ ಮೈದಾನಕ್ಕೆ ಮತ್ತೆ ಬಂದರು. ಈ ಸಲ ಅವರ ಮುಂದೆ ಗುಂಡು ನಿರೋಧಕ ಗಾಜಿತ್ತು. ಹಂತಕ ಮಲಗಿದ್ದ ಕಟ್ಟಡ ಕಾಣದಂತೆ ದೊಡ್ಡ ದೊಡ್ಡ ಟ್ರೇಲರ್ ಲಾರಿಗಳನ್ನು ಸಾಲಾಗಿ ನಿಲ್ಲಿಸಿ, ಬೇಲಿ ಹಾಕಲಾಗಿತ್ತು. ಜುಲೈನಲ್ಲೂ ಕೃಷಿ ಯಂತ್ರಗಳನ್ನು ಅಡ್ಡ ನಿಲ್ಲಿಸಿ ಆ ನೋಟವನ್ನು ಮರೆಮಾಡುವ ಆಲೋಚನೆ ಯೋಜನೆಯ ಹಂತದಲ್ಲಿ ಬಂದಿತ್ತು. ಆಸನಗಳ ಸಾಲಿನಲ್ಲಿ, ಸತ್ತವರ ಅಗ್ನಿಶಾಮಕ ದಳದ ಅಂಗಿಯನ್ನು ಹೂಗಳ ನಡುವೆ ಇಡಲಾಗಿತ್ತು. 6 ಗಂಟೆ 11 ನಿಮಿಷಕ್ಕೆ ಭಾಷಣ ನಿಂತಿತು, ಜನ ಮೌನವಾದರು, ಗಂಟೆ ಬಾರಿಸಲಾಯಿತು.